ಮೊದಲ ಸವಾರಿ ಮನೆಯವರಿಗೆ

ನಾಗಸಂದ್ರ ಮೆಟ್ರೋ ನಿಲ್ದಾಣದ ಹಿಂಬದಿಯ ಅಡ್ಡರಸ್ತೆಯಲ್ಲಿ ಮೆಕ್ಯಾನಿಕ್ ನಂಜಪ್ಪನ ಶೆಡ್ಡಿದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತನೆಂದರೆ, ಒಳಗೆ ಎಲ್ಲಿ ಏನು ಸಡಿಲಾಗಿದೆ ಎಂದು ಹೇಳಿಬಿಡುವ ಆಸಾಮಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹದ ಮಾಡುವುದರಲ್ಲಿ ಪೀಣ್ಯದ ಸುತ್ತ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬ ಕಾಲವೊಂದಿತ್ತು. ಈಗಿನ ಗಾಡಿಗಳಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವುದಕ್ಕೆ ಕಂಪ್ಯೂಟರ್ ಪೆಟ್ಟಿಗೆ ಬಂದು ಕೂತಿದೆ. ಅದು ಕೆಟ್ಟರೆ ಇನ್ನೊಂದು ಯಂತ್ರ ತಂದು ಸಿಕ್ಕಿಸಿ, ಅದು ತೋರಿಸಿದ ನಂಬರನ್ನು ಓದಬೇಕು. ಕೇಳಿ ತಿಳಿಯುವವನಿಗೆ ಓದುವ ಕೆಲಸ ಒಗ್ಗೀತೇ? ಅರವತ್ತೊಂದರ ನಂಜಪ್ಪ ಬ್ರೇಕು, ಆಯಿಲ್, ಪಂಚರ್ ಎಂದು ದಿನ ದೂಡುತ್ತಿದ್ದ.

ಅಂಥವನ ಬಾಗಿಲಿಗೆ ಈ ಸಲದ ಮಳೆಗಾಲದಲ್ಲಿ ಶೇಖವ್ವನ ಪಿಕಪ್ಪು ಹಗ್ಗ ಕಟ್ಟಿಸಿಕೊಂಡು ಬಂತು. ಲಿಂಗಸುಗೂರಿನ ಕಡೆಯ ಶೇಖವ್ವ ಆ ಪಿಕಪ್ಪಿನ ಹಿಂಭಾಗದಲ್ಲಿ ಗ್ಯಾಸ್ ಒಲೆ ಇಟ್ಟುಕೊಂಡು ಪೀಣ್ಯದ ಕಾರ್ಖಾನೆಯೊಂದರ ಗೇಟಿನೆದುರು ಜೋಳದ ರೊಟ್ಟಿ, ಎಣ್ಣೆಗಾಯಿ ಮಾರುವವಳು. ಅಂಡರ್‌ಪಾಸಿನಲ್ಲಿ ನೀರು ತುಂಬಿದ ದಿನ ಗಾಡಿ ನಡುವೆಯೇ ಸಿಕ್ಕಿಕೊಂಡು ಇಂಜಿನ್ನು ನೀರು ಕುಡಿದಿತ್ತು. ಕಂಪ್ಯೂಟರ್ ಪೆಟ್ಟಿಗೆಯೂ ಸುಟ್ಟಿತ್ತು. ಬಿಡಿಭಾಗ ಬರಲು ಎರಡು ತಿಂಗಳು ಎಂದು ಎಲ್ಲ ಕಡೆ ಹೇಳಿದ್ದರು.

"ಎರಡು ತಿಂಗಳು ಅಲ್ಲಿ ನಿಲ್ಲಲಿಲ್ಲ ಅಂದ್ರ ಆ ಜಾಗ ಇನ್ನೊಬ್ರದು ಆಗ್ತೈತ್ರಿ ಅಣ್ಣಾರ," ಎಂದಳು ಶೇಖವ್ವ. "ಆರು ವರ್ಷದ ಜಾಗ ಅದು. ನೀವೇ ಏನಾರ ಮಾಡ್ರಿ."

ನಂಜಪ್ಪನ ಕಣ್ಣು ಶೆಡ್ಡಿನ ಮೂಲೆಯ ಟಾರ್ಪಾಲಿನ ಕಡೆ ಹೋಯಿತು. ಅದರಡಿಯಲ್ಲಿ ಅವನದೇ ಹಳೇ ವ್ಯಾನಿನ ಇಂಜಿನ್ ಇತ್ತು. ವ್ಯಾನನ್ನು ಗುಜರಿಗೆ ಹಾಕಿದರೂ ಇಂಜಿನ್ನನ್ನು ಕೊಡಲು ಮನಸ್ಸು ಬಂದಿರಲಿಲ್ಲ. ವರ್ಷಕ್ಕೆರಡು ಸಲ ಎಣ್ಣೆ ಕುಡಿಸಿ, ಕೈಯಲ್ಲಿ ತಿರುಗಿಸಿ ಮತ್ತೆ ಮುಚ್ಚಿಡುತ್ತಿದ್ದ. ಅದನ್ನು ನೋಡಿ ಹೆಂಡತಿ ಗಂಗಮ್ಮ ಮೂಗು ಮುರಿದಿದ್ದಕ್ಕೆ ಲೆಕ್ಕವಿಲ್ಲ.

"ಆರ್‌ಸಿಲಿ ಇಂಜಿನ್ ನಂಬರ್ ಬದಲಾಗ್ಬೇಕು, ಆರ್‌ಟಿಓದವ್ರು ಒಪ್ಬೇಕು. ಅದು ಬೇರೆ ರಾಮಾಯಣ. ಅದ್ಕೆ ನೀನು ಇವತ್ತೇ ಅರ್ಜಿ ಹಾಕು. ಕಾಗದ ಬರೋ ಹೊತ್ಗೆ ಗಾಡಿ ರೆಡಿ ಇರ್ತೈತೆ," ಎಂದ ನಂಜಪ್ಪ. "ಇಂಜಿನ್ ಕೂರ್ಸೋದು ಮಾತ್ರ ನಂಗೆ ಬಿಡು."

ಆಮೇಲಿನ ಹತ್ತು ದಿನ ಅವನನ್ನು ನೋಡಬೇಕಿತ್ತು. ಹೊಸ ಗಾಡಿಯ ಚೌಕಟ್ಟಿಗೆ ಹಳೇ ಇಂಜಿನ್ ಕೂರಲು ಕಬ್ಬಿಣದ ಪಟ್ಟಿ ಕತ್ತರಿಸಿ ತಾನೇ ಕಾಲು ಮಾಡಿದ. ಸತ್ತ ಪೆಟ್ಟಿಗೆಗೆ ಅಂಟಿಕೊಂಡಿದ್ದ ವೈರುಗಳನ್ನು ಒಂದೊಂದಾಗಿ ಬಿಡಿಸಿದ. ಎಷ್ಟೋ ವರ್ಷಗಳ ಮೇಲೆ ಅವನ ಕೈ ತನ್ನ ಭಾಷೆಯಲ್ಲಿ ಮಾತಾಡುತ್ತಿತ್ತು. ಊಟಕ್ಕೆ ಕರೆದರೆ ಬರುವವನಲ್ಲ. ಗಂಗಮ್ಮನೇ ಡಬ್ಬಿ ಹೊತ್ತು ಬಂದು, "ಮದ್ವೇಲೂ ಇಷ್ಟು ಸಂಭ್ರಮ ಪಡ್ಲಿಲ್ಲ ನೀವು," ಎಂದು ಕುಟುಕಿದಳು.

ಹನ್ನೊಂದನೇ ದಿನ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಇಂಜಿನ್ ಒಂದು ಸಲ ಕೆಮ್ಮಿ ಹೊತ್ತಿಕೊಂಡಿತು. ನಂಜಪ್ಪ ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ, ಕೂದಲೆಳೆಯಷ್ಟು ಹಿಂದಕ್ಕೆ ತಂದ, ಕಿವಿಗೊಟ್ಟು ಕೇಳಿದ. ಸದ್ದು ನೂಲು ತೆಗೆದ ಹಾಗೆ ಸಮನಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು. ಬಂದಿದ್ದನ್ನು ತೋಳಿನಿಂದ ಒರೆಸಿಕೊಂಡು, ಹೊಗೆ ಎಂದು ಸುಳ್ಳು ಹೇಳಿದ.

ಶೇಖವ್ವ ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದಿದ್ದಳು. ಗ್ಯಾಸ್ ಸಿಲಿಂಡರನ್ನೂ ಹಿಂದೆ ಏರಿಸಿ ಕಟ್ಟಿಯಾಗಿತ್ತು. "ಇವತ್ತ ಮಧ್ಯಾಹ್ನಕ್ಕ ರೊಟ್ಟಿ ಬಡೀತೀನ್ರಿ," ಎಂದಳು.

"ತಾಳು ತಾಯಿ, ಒಂದು ಶಾಸ್ತ್ರ ಐತೆ," ಎಂದ ನಂಜಪ್ಪ.

ಅದು ಅವನ ಉಸ್ತಾದ್ ಬಾಷಾ ಸಾಬರ ಶಾಸ್ತ್ರ. ಯಶವಂತಪುರದ ಅವರ ಗ್ಯಾರೇಜಿನಲ್ಲಿ ಯಾವ ಇಂಜಿನ್ ಬಿಚ್ಚಿ ಕಟ್ಟಿದರೂ, ಗಾಡಿ ಗಿರಾಕಿಯ ಕೈಸೇರುವ ಮೊದಲು ಉಸ್ತಾದರ ಬೇಗಂ ಮನೆಯಿಂದ ಬಂದು ಇಂಜಿನ್ನಿನ ಮೇಲಿನ ಸೀಟಿನಲ್ಲಿ ಕೂರಬೇಕು. ಒಂದು ಸುತ್ತು ಹೋಗಿ ಬಂದ ಮೇಲೆ ಉಸ್ತಾದರು "ಹೇಗಿದೆ ಬೇಗಂ?" ಎನ್ನುತ್ತಿದ್ದರು. ಆಕೆ ನಿಧಾನಕ್ಕೆ ಉಸಿರೆಳೆದುಕೊಂಡು, ಬುರ್ಖಾದೊಳಗಿಂದಲೇ ತಲೆ ಆಡಿಸಿದರೆ ಗಾಡಿ ಪಾಸು. ಮನೆಯವರನ್ನು ಕೂರಿಸಿ ಓಡಿಸದ ಗಾಡಿಯನ್ನು ಊರವರಿಗೆ ಕೊಡಬಾರದು ಎನ್ನುತ್ತಿದ್ದರು. ಮುದುಕನಿಗೆ ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದು ಕೆಲಸದವರೆಲ್ಲ ಬೆನ್ನ ಹಿಂದೆ ನಗುತ್ತಿದ್ದರು. ನಂಜಪ್ಪನೂ ನಕ್ಕಿದ್ದ. ಕಾರ್ಬುರೇಟರ್ ಗಾಡಿಗಳು ಕಡಿಮೆಯಾದ ಮೇಲೆ ಅವನು ಈ ಶಾಸ್ತ್ರವನ್ನೇ ಬಿಟ್ಟಿದ್ದ. ಇವತ್ತು ಹೆಮ್ಮೆ ಉಕ್ಕಿ ನೆನಪಾಯಿತು, ಅಷ್ಟೆ.

ಗಂಗಮ್ಮ ಸೆರಗು ಸರಿಪಡಿಸಿಕೊಂಡು ಸೀಟಿಗೆ ಹತ್ತಿದಳು. ಶೆಡ್ಡಿನ ಹಿಂದಿನ ಖಾಲಿ ನಿವೇಶನದಲ್ಲಿ ಗಾಡಿ ಅರ್ಧ ಸುತ್ತೂ ಮುಗಿಸಿರಲಿಲ್ಲ.

"ನಿಲ್ಸಿ," ಎಂದಳು.

"ಯಾಕೆ?"

"ಪೆಟ್ರೋಲ್ ವಾಸ್ನೆ ಗಪ್ಪಂತ ಹೊಡೀತೈತೆ."

"ಹಳೇ ಇಂಜಿನ್ ಅಂದ್ರೆ ಒಸಿ ವಾಸ್ನೆ ಇರ್ತೈತೆ ಕಣೆ. ಸದ್ದು ಕೇಳು, ಹೆಂಗೈತೆ!"

"ಸದ್ದು ಕಟ್ಕೊಂಡು ನಂಗೇನಾಗ್ಬೇಕು? ನಿಲ್ಸಿ ಅಂದ್ರೆ ನಿಲ್ಸಿ!" ಗಂಗಮ್ಮ ಚಲಿಸುತ್ತಿದ್ದ ಗಾಡಿಯ ಬಾಗಿಲನ್ನೇ ತೆಗೆದಳು.

ಬ್ರೇಕು ಒತ್ತಿ, ಕೀಲಿ ತೆಗೆದು, ನಂಜಪ್ಪ ಸೀಟು ಎತ್ತಿದ. ಕಾರ್ಬುರೇಟರಿಗೆ ಹೋಗುವ ಹಳೇ ರಬ್ಬರ್ ಪೈಪು ಕತ್ತಿನ ಹತ್ತಿರ ಬಿರಿದಿತ್ತು. ಬಿಸಿ ಇಂಜಿನ್ನಿನ ಪಕ್ಕದಲ್ಲೇ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಹೊರಗೆ ಸೋರುತ್ತಿದ್ದರಿಂದ ಇಂಜಿನ್ನಿನ ಸದ್ದು ಕೆಟ್ಟಿರಲಿಲ್ಲ.

ತಪ್ಪು ಅವನಿಗೆ ಕ್ಷಣದಲ್ಲಿ ಹೊಳೆಯಿತು. ಹೊಸ ಗಾಡಿಯ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಜೋರಾಗಿ ತಳ್ಳುವಂಥದ್ದು. ಹಳೇ ಇಂಜಿನ್ನಿಗೆ ಗುಟುಕು ಗುಟುಕಾಗಿ ಬಂದರೆ ಸಾಕು, ಅದಕ್ಕೆ ಅದರದೇ ಪುಟ್ಟ ಪಂಪು ಮಗ್ಗುಲಲ್ಲೇ ಇತ್ತು. ಇರುವುದು ಇರಲಿ ಎಂದು ಅವನು ಹೊಸ ಪಂಪನ್ನೇ ಜೋಡಿಸಿದ್ದ. ಅದರ ಒತ್ತಡಕ್ಕೇ ಹಳೇ ಪೈಪು ಬಿರಿದಿತ್ತು. ತಲೆ ಎತ್ತಿದರೆ ಎದುರಿಗೇ ಶೇಖವ್ವನ ಸಿಲಿಂಡರು. ಮಧ್ಯಾಹ್ನ ಅವಳು ಕಡ್ಡಿ ಗೀರಬೇಕಿದ್ದ ಜಾಗ ಅಲ್ಲಿಂದ ಎರಡು ಮಾರು.

ನಂಜಪ್ಪ ಬಾಗಿ, ಸೋರಿದ ಜಾಗಕ್ಕೆ ಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದ. ಏನೂ ಇಲ್ಲ. ನೀರು ಮೂಸಿದ ಹಾಗೆ.

"ನಂಗೆ ವಾಸ್ನೆ ಬರ್ತಿಲ್ಲ ಗಂಗಾ."

"ಗೊತ್ತು. ನಾಕೈದು ವರ್ಷ ಆಯ್ತು," ಎಂದಳು ಗಂಗಮ್ಮ. ದನಿಯಲ್ಲಿ ಕುಟುಕು ಇರಲಿಲ್ಲ. "ಸಾರು ತಳ ಹತ್ತಿ ಮನೆಯೆಲ್ಲ ಘಾಟು. ನೀವು ಚೆನ್ನಾಗೈತೆ ಅಂತ ಎರಡು ಸಲ ಆಕಿಸ್ಕೊಂಡ್ರಿ. ಹೇಳಿದ್ರೆ ನೊಂದ್ಕೋತೀರ ಅಂತ ಸುಮ್ನಿದ್ದೆ."

ನಲವತ್ತು ವರ್ಷ ಪೆಟ್ರೋಲಿನ ಪೈಪನ್ನು ಬಾಯಲ್ಲಿ ಎಳೆದವನ ಮೂಗು ಯಾವತ್ತು ಹೋಯಿತೋ ಅವನಿಗೆ ತಿಳಿದಿರಲಿಲ್ಲ. ಕಿವಿ ನೆಟ್ಟಗಿದೆ ಎಂಬ ಜಂಬದಲ್ಲಿ ಮೂಗನ್ನು ಕೇಳಿದವರು ಯಾರು?

ಆಗ ಅವನಿಗೆ ಬಾಷಾ ಸಾಬರು ಕಣ್ಣಿಗೆ ಕಟ್ಟಿದರು. ಸೀಟಿನಲ್ಲಿ ಕೂತ ಬೇಗಂ ತಲೆ ಆಡಿಸುವ ಮುನ್ನ ಎಳೆದುಕೊಳ್ಳುತ್ತಿದ್ದ ಆ ನಿಧಾನದ ಉಸಿರು ನೆನಪಾಯಿತು. ಉಸ್ತಾದರ ಮೂಗೂ ಹೋಗಿತ್ತು. ಅದನ್ನು ಶಿಷ್ಯರೆದುರು ಹೇಳಿಕೊಳ್ಳಲಾರದೆ ಒಂದು ಶಾಸ್ತ್ರ ಮಾಡಿ, ಅದರ ಹೆಸರಲ್ಲಿ ಊರವರ ಜೀವ ಕಾಯ್ದಿದ್ದರು. ಎಲ್ಲರ ಜೊತೆ ತಾನೂ ಹಲ್ಲು ಕಿರಿದಿದ್ದ. ನಂಜಪ್ಪನಿಗೆ ಈ ವಯಸ್ಸಿನಲ್ಲಿ ನಾಚಿಕೆಯಾಯಿತು.

ಶೇಖವ್ವ ನಿಂಬೆಹಣ್ಣು ಹಿಡಿದು ಓಡಿ ಬಂದಳು. "ಏನಾತ್ರಿ ಅಣ್ಣಾರ?"

ಪೈಪು ಹಳೇದು, ಸಣ್ಣ ಸೋರಿಕೆ ಎಂದು ಹೇಳಿ ಮುಗಿಸಬಹುದಿತ್ತು. ನಂಜಪ್ಪ ಹಾಗೆ ಮಾಡಲಿಲ್ಲ.

"ತಪ್ಪು ನಂದು ತಾಯಿ. ನನ್ನ ಮೂಗು ಸತ್ತೋಗೈತೆ. ಇವ್ಳು ಕೂರದಿದ್ರೆ ನಾನು ನಿನ್ನ ಸುಟ್ಬಿಡ್ತಿದ್ದೆ."

ಶೇಖವ್ವ ಸಿಲಿಂಡರಿನ ಕಡೆ ನೋಡಿದಳು, ಗಂಗಮ್ಮನ ಕಡೆ ನೋಡಿದಳು. ಸಿಲಿಂಡರಿನ ಹಗ್ಗ ಬಿಚ್ಚಿ ಕೆಳಗಿಳಿಸಿದಳು. ಆಮೇಲೆ, "ನಾಳಿ ಆಗ್ತೈತೇನ್ರಿ?" ಎಂದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ಪಂಪಿನ ಸಂಪರ್ಕ ಕತ್ತರಿಸಿ, ಹೊಸ ಪೈಪು ಹಾಕಿ, ಹಳೇ ಪಂಪಿಗೆ ಕೆಲಸ ಕೊಟ್ಟಾಗಿತ್ತು. ಇಂಜಿನ್ ಹೊತ್ತಿತು. ನಂಜಪ್ಪ ಅಭ್ಯಾಸಬಲದಿಂದ ಸ್ಕ್ರೂಡ್ರೈವರನ್ನು ಕಿವಿಯವರೆಗೆ ಒಯ್ದು, ಹಾಗೇ ಜೇಬಿಗೆ ಹಾಕಿಕೊಂಡ. ಗಂಗಮ್ಮನನ್ನು ಕೂರಿಸಿಕೊಂಡು ಒಂದಲ್ಲ, ನಾಲ್ಕು ಸುತ್ತು ಹಾಕಿ ತಂದು ನಿಲ್ಲಿಸಿದ.

"ಹೆಂಗೈತೆ ಗಂಗಾ?"

ಗಂಗಮ್ಮ ಕಣ್ಣು ಮುಚ್ಚಿ ನಿಧಾನಕ್ಕೆ ಉಸಿರೆಳೆದುಕೊಂಡಳು. ಅವಳು ತಲೆ ಆಡಿಸುವವರೆಗೂ ನಂಜಪ್ಪ ಉಸಿರು ಬಿಡಲಿಲ್ಲ.