ಪೆಟ್ಟಿಗೆಯ ಕೆಳಗಿನ ಟವಲ್

ಮುನಿಶಾಮಣ್ಣ, ನಿನ್ನ ಗೋಡೆಯ ಹೆಸರು ಕೆಡಿಸಿದವಳು ನಾನು. ಯಂತ್ರವಲ್ಲ, ಕಾಲೇಜಿನಿಂದ ಬಂದ ಮೇಡಂ ಅಲ್ಲ, ನೀನು ಕಲೆಸಿದ ಗಾರೆಯಂತೂ ಅಲ್ಲವೇ ಅಲ್ಲ — ನಾನು, ನಿನ್ನ ಸರೋಜಮ್ಮ. ಎರಡು ವರ್ಷದಿಂದ ಈ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ ಹೋಗುತ್ತಿತ್ತು. ಇವತ್ತು ಬರೆದುಬಿಡುತ್ತೇನೆ.

ಇದನ್ನು ಬೇರೆಯವರೂ ಕೇಳಲಿ ಎಂಬುದು ನನ್ನ ಆಸೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ. ಮುಳಬಾಗಿಲಿನ ನಮ್ಮ ಹಳೇ ಛತ್ರ ಕಲ್ಲು, ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ಈಗ ಅದರಲ್ಲಿ ವಾಚನಾಲಯವಿದೆ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರ್ ಜೋಡಿಸುವುದು, ದಿನಚರಿ ಬರೆಯುವುದು, ಎಲ್ಲ ನಾನೇ. ಮಳೆಗೆ ಕುಸಿದಿದ್ದ ಪೂರ್ವದ ಗೋಡೆಯನ್ನು ಮತ್ತೆ ಕಟ್ಟಿದ ಮೇಸ್ತ್ರಿ ನೀನು. ಸುಣ್ಣವನ್ನು ವಾರಗಟ್ಟಲೆ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿ... ಸಿಮೆಂಟ್ ಹಾಕು ಅಂದವರನ್ನು ಗಾರೆ ಮೆತ್ತುವ ಕರಣೆ ತೋರಿಸಿ ಓಡಿಸಿದ್ದೆ.

ಆಮೇಲೆ ಮೇಡಂ ಬಂದರು. ಹಳೇ ಕಟ್ಟಡಗಳ ಆರೋಗ್ಯ ನೋಡುವ ಎಂಜಿನಿಯರ್. ಸಂತೆಯಲ್ಲಿ ನಾವು ಮಡಕೆ ತಟ್ಟಿ, ಸದ್ದು ಕೇಳಿ ಬಿರುಕು ಗುರುತಿಸುವುದಿಲ್ಲವೇ, ಇದೂ ಹಾಗೇ ಅಂದರು. ಆದರೆ ಇಲ್ಲಿ ತಟ್ಟುವುದೂ ಬೇಡ. ರಸ್ತೆಯ ಬಸ್ಸಿಗೆ, ಬೀಸುವ ಗಾಳಿಗೆ ಕಟ್ಟಡ ಸದಾ ನಡುಗುತ್ತಲೇ ಇರುತ್ತದಂತೆ, ನಮ್ಮ ಕಣ್ಣಿಗೆ ಕಾಣದಷ್ಟು. ಆ ನಡುಕವನ್ನು ಹಿಡಿಯುವ ಬಿಳಿ ಪೆಟ್ಟಿಗೆಗಳನ್ನು ಅಲ್ಲಲ್ಲಿ ಇಟ್ಟು, ಒಂದನ್ನು ನಿನ್ನ ಗೋಡೆಯ ಗೂಡಿನಲ್ಲಿ ಕೂರಿಸಿದರು. ನನಗೆ ಎರಡು ಕೆಲಸ ವಹಿಸಿದರು: ಒಂದು ಗಂಟೆ ಪೆಟ್ಟಿಗೆಗಳನ್ನು ಯಾರೂ ಮುಟ್ಟದಂತೆ ಕಾಯುವುದು, ರಸ್ತೆಯಲ್ಲಿ ಏನೇ ಹೋದರೂ ಹೊತ್ತು ನೋಡಿ ಬರೆದಿಡುವುದು. ತಾವು ಕಂಪ್ಯೂಟರ್ ಹಿಡಿದು ಅಂಗಳದ ಹೊಂಗೆಮರದ ಕೆಳಗೆ ಕೂತರು.

ನನಗೋ ಹಿಗ್ಗು. ಹನ್ನೊಂದೂ ಹತ್ತು, ಟೊಮೆಟೊ ಲಾರಿ. ಹನ್ನೊಂದೂ ಹದಿನಾಲ್ಕು, ಶ್ರೀನಿವಾಸಪುರದ ಬಸ್ಸು. ಹನ್ನೊಂದೂ ಇಪ್ಪತ್ತು, ಎಮ್ಮೆ ಎರಡು, ಹಿಂದೆ ಒಂದು ಕರು. ಎಮ್ಮೆ ಬರೆಯಿರಿ ಎಂದು ಮೇಡಂ ಹೇಳಿರಲಿಲ್ಲ.

ಆ ಗೂಡಿನಲ್ಲಿ ನಾನು ದಿನಾ ದೀಪ ಹಚ್ಚುತ್ತೇನಲ್ಲ, ಅವತ್ತು ಒರೆಸಿದ್ದರೂ ಕಲ್ಲು ಒಳಗಿಂದ ಎಣ್ಣೆ ಬಿಡುತ್ತಿತ್ತು. ಅಷ್ಟು ಚೆಂದದ ಬಿಳಿ ಪೆಟ್ಟಿಗೆ, ತಳಕ್ಕೆಲ್ಲ ಜಿಡ್ಡು ಹತ್ತಿಬಿಟ್ಟರೆ... ಊಟದ ಡಬ್ಬಿಗೆ ಸುತ್ತಿದ್ದ ಟವಲನ್ನು ಮಡಚಿ, ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ, ಅಡಿಗೆ ಹಾಸಿದೆ. ಮಗುವಿಗೆ ಹಾಸಿದ ಹಾಗೆ. ಗಂಟೆ ಮುಗಿಯುವ ಹೊತ್ತಿಗೆ ಡಬ್ಬಿ ಕಟ್ಟಲು ಬೇಕೆಂದು ಎಳೆದುಕೊಂಡೆ. ಲಾರಿ, ಬಸ್ಸು, ಎಮ್ಮೆ ಎಲ್ಲ ಬರೆದವಳು ಟವಲ್ ಒಂದನ್ನು ಬರೆಯಲಿಲ್ಲ.

ಮೇಡಂ ಕಂಪ್ಯೂಟರ್ ನೋಡುತ್ತಾ ಒಳಗೆ ಬಂದರು. ಹುಬ್ಬು ಗಂಟಿಕ್ಕಿತ್ತು.

“ಈ ಪೆಟ್ಟಿಗೆ ಯಾರೂ ಮುಟ್ಟಿಲ್ಲ ಅಲ್ವಾ, ಸರೋಜಮ್ಮ?”

“ಇಲ್ಲ ಮೇಡಂ. ಇಲ್ಲೇ ಕೂತಿದ್ದೀನಲ್ಲ.”

ಆಗ ಹೇಳಿದ್ದರೆ ಇನ್ನೊಂದು ಗಂಟೆ ಕೂರಬೇಕಾಗುತ್ತಿತ್ತು, ಅಷ್ಟೇ. ಆದರೆ ನನ್ನನ್ನು ನಂಬಿ ಬಿಟ್ಟಿದ್ದರು — ಒಂದು ಪೆಟ್ಟಿಗೆ ಕಾಯಲಾರದವಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು ನನಗೆ. ಮೆತ್ತನೆ ಬಟ್ಟೆಯ ಮೇಲೆ ಪೆಟ್ಟಿಗೆ ತಾನೇ ತೂಗಾಡುತ್ತದೆ, ಆ ತೂಗಾಟವೂ ಗೋಡೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ಹಾಸುವಾಗ ಗೊತ್ತಿರಲಿಲ್ಲ, ನಿಜ. ಮೇಡಂ ಕೇಳಿದಾಗ ಮಾತ್ರ ಟವಲ್ ಸುತ್ತಿದ ಡಬ್ಬಿಯನ್ನು ಮೇಜಿನಡಿಗೆ ತಳ್ಳಿದೆ. ಎಂದಮೇಲೆ ಗೊತ್ತಾಗಿತ್ತು.

ಪೂರ್ವದ ಗೋಡೆಯ ಒಳಮೈ ಹೊರಮೈ ಒಂದಕ್ಕೊಂದು ಹಿಡಿದುಕೊಂಡಿಲ್ಲ, ದುರಸ್ತಿ ಸರಿಯಾಗಿರಲಾರದು ಎಂದು ವರದಿ ಬಂತು. ಗೋಡೆಗೆ ಮರದ ಆಸರೆ ಕೊಟ್ಟರು. ನಿನಗೇ ಎಂದು ಮಾತಾಗಿದ್ದ ಕಲ್ಯಾಣಿಯ ಮೆಟ್ಟಿಲ ಕೆಲಸ ಬೇರೆಯವರ ಪಾಲಾಯಿತು. ಜಗಲಿಯ ಮೇಲೆ ಪೇಪರ್ ಓದುವವರಿಗೆ ನೀನೇ ಸುದ್ದಿಯಾದೆ. “ಏನ್ ಮೇಸ್ತ್ರೀ, ಬೆಲ್ಲ ಗೋಡೆಗೆ ಹಾಕಿದ್ಯೋ, ಕಾಫಿಗೆ ಹಾಕ್ಕೊಂಡ್ಯೋ?” ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಅಣ್ಣ, ನಾನೂ ನಕ್ಕೆ. ಅದನ್ನೂ ಹೇಳಬೇಕಲ್ಲ.

ನೀನು ಆಸರೆಯ ಮರಗಳ ನಡುವೆ ನುಸುಳಿ, ಗೋಡೆಗೆ ಕಿವಿಯಿಟ್ಟು, ಕರಣೆಯ ಹಿಡಿಯಿಂದ ತಟ್ಟಿ ನೋಡುತ್ತಿದ್ದೆ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ನಿಂತೆ.

“ಅವತ್ತು ಇಲ್ಲೇ ಇದ್ದೋಳು ನೀನು. ಏನಾದ್ರೂ ಹೆಚ್ಚುಕಮ್ಮಿ ಆಯ್ತೇನಮ್ಮ?”

“ನಂಗೇನ್ ಗೊತ್ತಾಗುತ್ತೆ ಬಿಡಣ್ಣ, ಅವೆಲ್ಲ ಓದಿದೋರ ಕೆಲಸ” ಅಂದೆ. ಮೊದಲ ಸುಳ್ಳಿಗಿಂತ ಇದು ದೊಡ್ಡದು. ನನ್ನಿಂದ ಹೆಸರು ಕೆಡಿಸಿಕೊಂಡವನ ಮುಖ ನೋಡಿಕೊಂಡೇ ಹೇಳಿದ್ದು.

ಗೋಡೆ ಕೆಡವುವ ಮಾತು ಎದ್ದಾಗ, ಹೋದ ವಾರ ಮೇಡಂ ಮತ್ತೆ ಬಂದರು. ಒಂದೇ ಸಲದ ಪರೀಕ್ಷೆ ನಂಬಿ ಗೋಡೆ ಕೆಡವಬಾರದಂತೆ. ನಾನು ಗೂಡನ್ನು ಸೀಗೆಪುಡಿ ಹಾಕಿ ಉಜ್ಜಿ, ಆಮೇಲೆ ರಸ್ತೆಯ ಬಾಗಿಲಲ್ಲಿ ಕೈಕಟ್ಟಿ ಕೂತೆ. ಗೋಡೆ ಗಟ್ಟಿಯಾಗಿದೆ ಎಂದು ಬಂತು. ಮೊದಲ ಸಲ ನಾವೇ ಪೆಟ್ಟಿಗೆ ಸರಿಯಾಗಿ ಕೂರಿಸಿರಲಿಕ್ಕಿಲ್ಲ ಎಂದು ಮೇಡಂ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನೀನು ಬೂಂದಿ ಲಾಡು ಹಂಚಿದೆ. ನನ್ನ ಕೈಗೆ ಎರಡು ಹಾಕಿ ಅಂದೆಯಲ್ಲ —

“ಊರೆಲ್ಲ ನಗ್ತಿದ್ರೂ ನನ್ ಗೋಡೇನ ಒಂದು ಮಾತು ಅನ್ನದೇ ಇದ್ದೋಳು ನೀನೊಬ್ಳೇ ಕಣಮ್ಮ.”

ಆ ಲಾಡು ತಿನ್ನಲು ಆಗಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ತಿಂದೆ, ಎರಡನ್ನೂ. ಆಮೇಲೆ ಕೂತು ಯೋಚಿಸಿದೆ: ಇದನ್ನು ಇನ್ನು ಹೊತ್ತು ತಿರುಗಲಾರೆ ಅಂತ.

ನಿನ್ನೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಅವರು ಮಾತ್ರ, “ಎಷ್ಟು ಮಡಿಕೆ ಮಡಚಿದ್ರಿ?” ಎಂದು ಕೇಳಿದರು. ನಾಲ್ಕು ಅಂದೆ. ಬರೆದುಕೊಂಡರು. ಇನ್ನು ಮುಂದೆ ಪಾಠ ಮಾಡುವಾಗ ಹುಡುಗರಿಗೆ ಹೇಳುತ್ತಾರಂತೆ. ಹಳೇ ವರದಿ ತಪ್ಪೆಂದೂ, ಏಕೆ ತಪ್ಪಾಯಿತೆಂದೂ ಕಾಗದ ಕಳಿಸುತ್ತಾರಂತೆ. ಕಾರಣದ ಜಾಗದಲ್ಲಿ ನನ್ನ ಹೆಸರೇ ಹಾಕಿ ಎಂದು ಕೇಳಿಕೊಂಡಿದ್ದೇನೆ.

ಆದರೆ ನಿನ್ನನ್ನು ನೋಡಿ ನಕ್ಕವರು ಆ ಕಾಗದ ಓದುವುದಿಲ್ಲ. ಆದ್ದರಿಂದ ನಾಳೆ ಹತ್ತು ಗಂಟೆಗೆ ಬಾ, ಅಣ್ಣ. ಜಗಲಿ ತುಂಬಿರುತ್ತದೆ. ಅವರೆಲ್ಲರ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸು ಎಂದು ಕೇಳಲು ಕರೆಯುತ್ತಿಲ್ಲ; ನೀನು ಬೈಯಬೇಕೆನಿಸಿದಷ್ಟು ಬೈಯಿ. ಓದಿ ಮುಗಿಯುವವರೆಗೆ ಮಾತ್ರ ಕೂತಿರು.