ಹನುಮಂತಪ್ಪನ ‘ಎಲ್ಲ ಸರಿ ಐತ್ರಿ’

1958ರಲ್ಲಿ ನಾನು ದಾವಣಗೆರೆಯ ಆಸ್ಪತ್ರೆಯೊಂದರ ಕ್ಷಯರೋಗದ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ದುಡಿದವರೆಲ್ಲ ಕೆಟ್ಟವರಲ್ಲ. ಆಗ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಇಂಜೆಕ್ಷನ್ನನ್ನು ತಿಂಗಳುಗಟ್ಟಲೆ ಚುಚ್ಚಬೇಕಿತ್ತು. ನೋವು ತಾಳಲಾರದೆ, ಸ್ವಲ್ಪ ಹಸಿವು ಮರಳಿದ ಕೂಡಲೇ ವಾಸಿಯಾಯಿತೆಂದು ಅರ್ಧಕ್ಕೇ ಎದ್ದುಹೋಗುವವರು ಬಹಳ. ಕೆಲವರು ಮತ್ತೆ ರಕ್ತ ಕಾರುತ್ತ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ.

ಹರಿಹರದ ಹನುಮಂತಪ್ಪ ಅಂಥವನಲ್ಲ. ಸೈನ್ಯದಲ್ಲಿ ನಾಯಕ್ ಎಂಬ ಸಣ್ಣ ಹುದ್ದೆಯಲ್ಲಿದ್ದು ಬಿಡುಗಡೆಯಾಗಿ ಬಂದವನು. ಬೆಳಿಗ್ಗೆ ನಾವು ಬರುವಷ್ಟರಲ್ಲಿ ಕಂಬಳಿ ಮಡಿಚಿ, ಗಡ್ಡ ಹೆರೆದುಕೊಂಡು ಮಂಚದ ಪಕ್ಕ ನೆಟ್ಟಗೆ ನಿಂತಿರುತ್ತಿದ್ದ. ಊರ ಹತ್ತಿರವೇ ರೈಲ್ವೆ ಗೇಟು ಕಾಯುವ ಕೆಲಸ ಅವನಿಗೆ ಸಿಗುವುದಿತ್ತು. ರೋಗ ವಾಸಿಮಾಡಿಕೊಂಡು ಬಾ ಎಂದು ರೈಲ್ವೆಯವರು ಹೇಳಿದ್ದರು. ಹೆಂಡತಿ ಗಂಗಮ್ಮ ಬಂದಾಗಲೆಲ್ಲ ಇಬ್ಬರದೂ ಅದೇ ಮಾತು. ಸೂಜಿ ಚುಚ್ಚುವಾಗ ಅವನ ಮುಖ ಅಲುಗುತ್ತಿರಲಿಲ್ಲ. ಹೇಗಿದ್ದೀರಿ ಎಂದರೆ ಒಂದೇ ಉತ್ತರ: ‘ಎಲ್ಲ ಸರಿ ಐತ್ರಿ.’ ನಮ್ಮ ಡಾಕ್ಟರಿಗೆ ಅವನೆಂದರೆ ಹೆಮ್ಮೆ. ನರಳುವವರಿಗೆಲ್ಲ ಅವನನ್ನು ತೋರಿಸಿ, ‘ಗಂಡಸು ಅಂದ್ರೆ ಹಿಂಗಿರಬೇಕು’ ಎನ್ನುತ್ತಿದ್ದರು.

ಒಂದು ದಿನ ಅವನು ಗೋಡೆ ಹಿಡಿದು ನಡೆಯುವುದನ್ನು ಕಂಡೆ. ಹಿಂದಿನಿಂದ ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಆಗಲೂ ಇಲ್ಲ. ಎದುರಿಗೆ ಹೋಗಿ ನಿಂತಾಗ ನನ್ನ ತುಟಿಗಳನ್ನೇ ನೋಡುತ್ತ ‘ಎಲ್ಲ ಸರಿ ಐತ್ರಿ’ ಎಂದ. ನಾನಿನ್ನೂ ಏನನ್ನೂ ಕೇಳಿರಲಿಲ್ಲ.

ಆ ಇಂಜೆಕ್ಷನ್ನು ಕೆಲವರ ಕಿವಿಯ ನರವನ್ನು ಕೊಲ್ಲುತ್ತದೆ. ಮೊದಲು ಕಿವಿ ಗುಂಯ್‌ಗುಡುತ್ತದೆ, ತಲೆ ಸುತ್ತುತ್ತದೆ. ಆಗಲೇ ಹೇಳಿದರೆ ಔಷಧ ಬದಲಿಸಬಹುದು. ಆಮೇಲೆ ಹೋದ ಕಿವಿ ಮರಳುವುದಿಲ್ಲ. ಡಾಕ್ಟರ ಬಳಿ ಓಡಿದೆ. ‘ಸಿಪಾಯಿ ಕಣಮ್ಮ, ತೊಂದರೆ ಇದ್ರೆ ಹೇಳ್ತಿದ್ದ’ ಎಂದವರೇ ಅವನ ಎದುರು ನಿಂತು ಗಟ್ಟಿಯಾಗಿ ಕೇಳಿದರು. ಅಟೆನ್ಷನ್ನಿನಲ್ಲಿ ನಿಂತು ಅವನು ಅದೇ ಉತ್ತರ ಕೊಟ್ಟ. ಸೂಜಿ ಮುಂದುವರಿಸಿ ಎಂದು ಅಪ್ಪಣೆಯಾಯಿತು. ಡಾಕ್ಟರ ಮಾತಿನ ಮೇಲೆ ನರ್ಸಿನ ಮಾತು ನಡೆಯುವ ಕಾಲವಲ್ಲ ಅದು. ಅಪ್ಪಣೆಯಂತೆ ಚುಚ್ಚುತ್ತಲೇ ಹೋದೆ.

ಕ್ಷಯ ಪೂರ್ತಿ ವಾಸಿಯಾಯಿತು. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಪರೀಕ್ಷೆ ಮಾಡಿದಾಗ ಅವನಿಗೆ ರೈಲಿನ ಸೀಟಿಯೂ ಕೇಳಿಸಲಿಲ್ಲ. ಗೇಟು ಇನ್ನೊಬ್ಬನ ಪಾಲಾಯಿತು.

ಗಂಗಮ್ಮ ಅವನನ್ನು ಮತ್ತೆ ವಾರ್ಡಿಗೆ ಕರೆತಂದಳು. ಮೊದಲೇ ಏಕೆ ಹೇಳಲಿಲ್ಲ ಎಂದು ಅವನಿಗೆ ತಿಳಿಯುವಂತೆ ತುಟಿ ಬಿಡಿಸಿ ಕೇಳಿದೆ.

‘ಪಲ್ಟನ್ನಾಗ ಸಣ್ಣದಕ್ಕೆಲ್ಲ ಡಾಕ್ಟರ ಮುಂದ ನಿಂತ್ರೆ ಕೆಲಸಗಳ್ಳ ಅಂತಿದ್ರು ಸಿಸ್ಟರ್. ತಡ್ಕೊಳ್ಳಾದು ಕಲಿಸಿದ್ರು. ಹೇಳಾದು ಯಾರೂ ಕಲಿಸಲಿಲ್ಲ.’

ಗಂಗಮ್ಮ ನನ್ನ ಕಡೆ ತಿರುಗಿದಳು. ‘ಬದುಕಿ ಬಂದಾನಲ್ಲ, ಸಾಕು ಬಿಡು ಅಂತಾರೆ ಎಲ್ರೂ. ನಾನು ಬೈದ್ರೂ ಕೇಳ್ಸಲ್ಲ, ಅತ್ರೂ ಕೇಳ್ಸಲ್ಲ.’

ಸೈನ್ಯ ಕಲಿಸಿದ ಆ ಗಟ್ಟಿತನ ಇಲ್ಲದಿದ್ದರೆ ಅವನು ಸಾಯುತ್ತಿದ್ದ, ನಿಜ. ಅದನ್ನೇ ಹೊಗಳಿ ಹೊಗಳಿ ಅವನ ಬಾಯಿ ಕಟ್ಟಿದ್ದು ಆಸ್ಪತ್ರೆ, ಅದೂ ನಿಜ. ನಿವೃತ್ತಿಯಾಗುವವರೆಗೂ ನಾನು ಧೈರ್ಯವಂತ ರೋಗಿಯ ಮಾತನ್ನು ಮತ್ತೆ ನಂಬಲಿಲ್ಲ. ಸೂಜಿ ಹಿಡಿದು ಅಂಥ ಪ್ರತಿ ರೋಗಿಯ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯುತ್ತಿದ್ದೆ. ತಿರುಗಿದರೆ ಮಾತ್ರ ಚುಚ್ಚುತ್ತಿದ್ದೆ.