ಉಪ್ಪು ಹಾಕದ ಅಣಬೆ

ಇವತ್ತು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಡಬ್ಬಿಯೊಂದರ ಮುಚ್ಚಳ ತೆಗೆದೆ. ಒಣಗಿದ ಅಣಬೆಯ ವಾಸನೆ ಗಪ್ಪನೆ ಬಡಿಯಿತು. ಆ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ದೊಡ್ಡವ್ವನೂ ಅರ್ಧ ಗೊತ್ತಾದಂತೆಯೇ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಇರುವುದು ಸುಲೇಪೇಟದಲ್ಲಿ. ಮಳೆಗಾಲದಲ್ಲಿ ಚಿಂಚೋಳಿ ಅಡವಿಯ ಅಣಬೆ ತರಿಸಿ, ಒಣಗಿಸಿ, ವರ್ಷವಿಡೀ ಸಾರು ಮಾಡುವವಳು. "ಇದು ತಿಂದೋರಿಗಿ ಗಂಟು ಬರಂಗಿಲ್ಲ" ಎಂದು ಅವಳ ನಂಬಿಕೆ. ನನ್ನ ಅಜ್ಜಿ ಎದೆಯ ಕ್ಯಾನ್ಸರ್ ಗಂಟಿನಿಂದಲೇ ಹೋದಳು. ಆಕೆ ಅಣಬೆ ಮುಟ್ಟುತ್ತಿರಲಿಲ್ಲವಂತೆ. ದೊಡ್ಡವ್ವನಿಗೆ ಇಷ್ಟು ಪುರಾವೆ ಸಾಕಿತ್ತು.

ನನ್ನ ಕೆಲಸವೋ, ಗಿಡ, ಅಣಬೆಗಳ ಸತ್ವ ತೆಗೆದು, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು. ಹೋದ ವರ್ಷ, ಒಮ್ಮೆ ಎದೆಯ ತಪಾಸಣೆ ಮಾಡಿಸಿಕೋ ಎಂದು ಅವಳಿಗೆ ದುಂಬಾಲು ಬಿದ್ದೆ. ಅವಳು ಶರತ್ತು ಹಾಕಿದಳು: "ಮೊದಲ ನಮ್ಮ ಅಣಬಿ ಟೆಸ್ಟ್ ಆಗ್ಲಿ. ಅದು ಫೇಲಾದ್ರ ನಾ ದವಾಖಾನಿಗಿ ಹೋಗ್ತೀನಿ."

ಬಸ್ಸಿನಲ್ಲಿ ಡಬ್ಬಿ ಬಂತು. ಸತ್ವ ಹಾಕಿದ ಮರುದಿನ ನೋಡಿದರೆ ಕ್ಯಾನ್ಸರ್ ಕೋಶಗಳೆಲ್ಲ ಸತ್ತು ತೇಲುತ್ತಿದ್ದವು! ಮೈಕ್ರೋಸ್ಕೋಪಿಗೆ ಕುಂಕುಮ ಹಚ್ಚುವುದೊಂದು ಬಾಕಿ, ಅಷ್ಟು ಹಿಗ್ಗಿದೆ. ಆದರೆ ಅದೇ ಸತ್ವ ಹಾಕಿದ್ದ ಪಕ್ಕದ ತಟ್ಟೆಯ ಆರೋಗ್ಯವಂತ ಕೋಶಗಳೂ ಸತ್ತಿದ್ದವು. ಇದೆಂಥ ಔಷಧ? ತಲೆ ಕೆರೆದುಕೊಂಡು, ಕೊನೆಗೆ ಡಬ್ಬಿಯಲ್ಲಿ ಉಳಿದಿದ್ದ ಒಂದು ಚೂರನ್ನು ಹೊರಗೆ ಒಯ್ದು ನಾಲಿಗೆಗೆ ಇಟ್ಟೆ. ವಿಜ್ಞಾನಿ ಮಾಡುವ ಕೆಲಸವಲ್ಲ, ಆದರೆ ಗೊತ್ತಾಯಿತು. ಉಪ್ಪು! ಕೂಡಲೇ ಅವಳಿಗೆ ಫೋನ್ ಮಾಡಿದೆ.

"ದೊಡ್ಡವ್ವ, ಉಪ್ಪು ಹಚ್ಚಿ ಒಣಗಿಸೀಯೇನ?"

"ಮತ್ತ? ಮಗಳ ಮನಿಗಿ ಯಾರರ ಸಪ್ಪಂದು ಕಳಿಸ್ತಾರೇನ?"

"ಎಲ್ಲಾ ಸಾಯಿಸಿದ್ದು ನಿನ್ನ ಉಪ್ಪು. ಅಣಬಿದು ಇನ್ನಾ ಗೊತ್ತಾಗಿಲ್ಲ. ಅದಕ್ಕ ವರ್ಷಗಟ್ಟಲೆ ಬೇಕು. ತಟ್ಯಾಗ ಸತ್ತದ್ದು ಮೈಯಾಗ ಸಾಯ್ತದಂತ ಹೇಳಾಕ ಬರಂಗಿಲ್ಲ. ಅಲ್ಲಿತನ ದವಾಖಾನಿ ಬಿಟ್ಟು ಕುಂದರಬ್ಯಾಡ."

ಅವಳು ಸಣ್ಣ ದನಿಯಲ್ಲಿ, "ನಂಗ ಭಾಳ ಅಂಜಿಕಿ ಬರ್ತದ ಮಗಳೇ. ನಮ್ಮವ್ವನ್ನ ನೋಡೀನಿ" ಎಂದಳು. ಇಷ್ಟು ದಿನ ಅಣಬೆಯ ಹಿಂದೆ ಅಡಗಿ ಕುಳಿತಿದ್ದದ್ದು ಈ ಅಂಜಿಕೆ.

ಇವತ್ತಿನದು ಎರಡನೆಯ ಡಬ್ಬಿ. ಬರೀ ಅಣಬೆ. ಮನಸ್ಸು ತಡೆಯದೆ ಉಪ್ಪನ್ನು ಬೇರೆ ಗಂಟು ಕಟ್ಟಿ ಜೊತೆಗಿಟ್ಟಿದ್ದಾಳೆ. ನಗು ಬಂದು ಫೋನ್ ಮಾಡಿದೆ.

"ನಿನ್ನಿ ತೋರಿಸ್ಕೊಂಡು ಬಂದೆ. ಏನೂ ಇಲ್ಲ ಅಂದ್ರು" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವಳೇ ಕೇಳಿದಳು: "ನೀ ತೋರಿಸ್ಕೊಂಡೀಯೇನ? ನೀನೂ ಅದೇ ಮುದುಕಿ ಮೊಮ್ಮಗಳಲ್ಲೇನು?"

ಕಂಡ ಕಂಡ ಬೇರು, ತೊಗಟೆ, ಅಣಬೆಯನ್ನೆಲ್ಲ ಪರೀಕ್ಷೆಗೆ ಕೂರಿಸುವವಳು ನಾನು. ವಯಸ್ಸು ನಲವತ್ತು ದಾಟಿದೆ.

"ಇಲ್ಲ ದೊಡ್ಡವ್ವ" ಎಂದೆ. "ನಂಗೂ ಅಂಜಿಕಿ."

"ನಾಳಿ ಮುಂಜಾನಿ ಬಸ್ಸಿಗಿ ಬರ್ತೀನಿ. ತಯಾರಾಗಿರು" ಎಂದು ಫೋನ್ ಇಟ್ಟಳು.